ಇನ್ನೂ ಬಡಿಯುವ ಕಣಗಳು

ಗಂಡ ಪ್ರಹ್ಲಾದನ ಕ್ರಿಯಾಕರ್ಮವೆಲ್ಲ ಮುಗಿದ ಮರುದಿನ ಬೆಳಿಗ್ಗೆ ಅತ್ತೆ ಇಂದುಮತಿಯ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟರು. "ನ್ಯಾನೊ ವಿಜ್ಞಾನದ ಎಂ.ಎಸ್ಸಿ. ಅರ್ಜಿಗೆ ಇವತ್ತೇ ಕಡೀ ದಿನ. ಅಳೂದಾದ್ರ ಅಲ್ಲಿ ಕುಂತೂ ಅಳಬಹುದು, ಹೋಗವಾ."

ವಿಶ್ವವಿದ್ಯಾಲಯದ ನ್ಯಾನೊ ವಿಭಾಗದ ಗುಮಾಸ್ತರು ಅರ್ಜಿ ನೋಡಿ ತಲೆಯಾಡಿಸಿದರು. "ನಿಮ್ಮ ಯಜಮಾನ್ರು ಎದಿ ರಿಪೇರಿಗೆ ನಮ್ಮಲ್ಲಿಂದ ಎರವಲು ಒಯ್ದ ನ್ಯಾನೊ ಕಣ ವಾಪಸ್ ಬಂದಿಲ್ರೀ. ಅವು ಬರೂತನಕ ಇದನ್ನ ತಗೊಳ್ಳಾಕ ಬರೂದಿಲ್ಲ."

ಇಂಥ ಕಣ ಪಡೆದವರ ಮನೆಯವರೆಲ್ಲ ಮಾಡುವಂತೆ ಅವಳೂ ಚಿತೆಯ ಬೂದಿಯಲ್ಲಿ ಅಯಸ್ಕಾಂತ ಆಡಿಸಿ ಆ ಕಣಗಳನ್ನು ಸೀಸೆಗೆ ತುಂಬಿದ್ದಳು. ಪ್ರಹ್ಲಾದ ಹೋದದ್ದು ತಿಳಿಯದೆ ಅವು ಇನ್ನೂ ಅವನ ಎದೆಯ ಲಯದಲ್ಲೇ ಬಡಿಯುತ್ತಿದ್ದವು. ಕೊಡಲು ಮನಸ್ಸಾಗದೆ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಕೊಟ್ರ ಬಡಿತ ಅಳಸ್ತೀರೇನ್ರಿ?"

"ಅಳಸೂದು ಯಾಕ? ಎದಿ ರಿಪೇರಿಗಂತ ಒಳಗೊಂದು ಹುಡುಗಿ ಕಾಯಾಕತ್ತಾಳ. ಬಡಿಯೂದು ಕಲತ ಕಣ ಆಕೀಗೆ ಲಗೂನ ಹೊಂದ್ತಾವ."

ಇಂದುಮತಿ ಸೀಸೆಯನ್ನು ಒಮ್ಮೆ ಕಿವಿಗೆ ಹಿಡಿದು, ಅರ್ಜಿಯ ಮೇಲಿಟ್ಟು ಮುಂದೆ ಸರಿಸಿದಳು.