ಅಪ್ಪನ ಕಡ್ಡಿಪೆಟ್ಟಿಗೆ

ಅಪ್ಪ ಕೊನೆಯ ಬೀಡಿ ಸೇದಿದ ದಿನವೂ ಎಲ್ಲ ದಿನಗಳಂತೆಯೇ ಇತ್ತು. ಅವನು ಶಹಾಪುರದ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಚೀಲ ಹೊರುವ ಹಮಾಲ. ಬುತ್ತಿ ಉಂಡ ಮೇಲೆ ಬೇವಿನ ಗಿಡದ ಕೆಳಗೆ ಅಪ್ಪನೇ ಕಡ್ಡಿ ಗೀರಬೇಕು, ಅವನ ಬೀಡಿಗೆ ಬೀಡಿ ತಾಗಿಸಿ ಉಳಿದವರು ಹಚ್ಚಿಕೊಳ್ಳಬೇಕು. ಅದು ಅವರ ರೂಢಿ. ಆ ಸಂಜೆ ಡಾಕ್ಟರು ಅವನ ಎದೆಯ ಎಕ್ಸ್‌ರೇ ನೋಡಿ ಬೀಡಿ ಬಿಡು ಎಂದರು.

ಮರುದಿನ ಬುತ್ತಿ ಒಯ್ದವಳು ನಾನು.

"ಬೆಂಕಿ ತಾರಲೇ," ಎಂದ ಒಬ್ಬ ಹಮಾಲ.

"ನಾ ಬಿಟ್ಟೀನಿ," ಎಂದ ಅಪ್ಪ.

"ಬಿಟ್ಟಾನಂತ! ಹ್ವಾದ ದೀಪಾವಳಿ ಅಮಾಸಿಗಿ ಬಿಟ್ಟಿದ್ದ, ಪಾಡ್ಯಕ್ಕ ಮತ್ತ ಹಿಡದ!" ಎಲ್ಲರೂ ನಕ್ಕರು. "ಹಂಗಾರ ನಮ್ಮ ಕೂಡ ಯಾಕ ಕೂಡ್ತಿ? ಹೆಣ್ಮಕ್ಕಳ ಜೋಡಿ ಕಾಳು ಹಸನ ಮಾಡ ಹೋಗ."

ಅಪ್ಪ ಎದ್ದು ಹೋಗಿ ತೊಗರಿ ಚೀಲಗಳ ಪಕ್ಕ ಒಬ್ಬನೇ ಕುಳಿತ. ಬೆರಳುಗಳು ಗೋಣಿಯ ದಾರ ಎಳೆಯುತ್ತಿದ್ದವು. ಅವನ ಜೊತೆ ಚೀಲ ಹೊರುತ್ತಿದ್ದ ಕಾಸಿಂ ಕಾಕಾ ತಮ್ಮ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ, ಬಂದು ಪಕ್ಕದಲ್ಲಿ ಕುಳಿತರು.

"ಬಿಟ್ಟೀನಿ ಅನಬ್ಯಾಡೋ ಭಾಯಿ. ಬಿಟ್ಟಾಂವನ್ನ ಮಂದಿ ತಿರುಗಿ ಕರೀತಾನ ಇರ್ತಾರ. ನಾ ಸೇದಾಂವ ಅಲ್ಲ ಅನ್ನು."

"ನಾ ಸೇದಾಂವ ಅಲ್ಲ," ಎಂದು ಅಪ್ಪ ಮೆಲ್ಲಗೆ ಹೇಳಿ ನೋಡಿದ. ಯಾರದೋ ಹೊಸ ಅಂಗಿ ತೊಟ್ಟವನಂತೆ ನಾಚಿ, ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗಿಟ್ಟ. "ಅವ್ವಗ ಕೊಡು, ಒಲಿಗಿ ಆಗ್ತದ."

ಅವನು ಮತ್ತೆಂದೂ ಸೇದಲಿಲ್ಲ. ಆದರೂ ಮುಂದಿನ ತೊಗರಿ ಗಂಜಿಗೆ ಬರುವುದರೊಳಗೆ ಹೋಗಿಬಿಟ್ಟ.

ಈಗ ದೀಪ ಹಚ್ಚಲು ಕಡ್ಡಿ ಗೀರಿದಾಗಲೆಲ್ಲ, ಆ ವಾಸನೆಯಲ್ಲಿ ಚೀಲಗಳ ಪಕ್ಕ ಕುಳಿತ ಇಬ್ಬರೂ ಕಾಣುತ್ತಾರೆ. ಕಾಸಿಂ ಕಾಕಾನ ಮಾತು ಕೇಳುತ್ತದೆ. ಅಪ್ಪನ ದನಿ ಮಾತ್ರ ನೆನಪಿಗೆ ಬರುವುದಿಲ್ಲ.