ಸರಳಿನ ನೆರಳು

“ಇದ್ರಲ್ಲಿ ರೋಲೇ ಇಲ್ವಲ್ಲಮ್ಮ,” ಎಂದು ರಾಜಾಜಿನಗರದ ಸ್ಟುಡಿಯೋದವನು ಕ್ಯಾಮೆರಾವನ್ನು ಅನಸೂಯಳ ಕೈಗೆ ಮರಳಿಸಿದ.

ಮೈಮೇಲೆಲ್ಲ ಅಮ್ಮನ ಗುಳ್ಳೆ ಎದ್ದು ಅವಳು ಒಬ್ಬಳೇ ಕೋಣೆ ಸೇರಿದಾಗ, ಗಂಡ ಜಗನ್ನಾಥನೇ ಅದನ್ನು ಕೊಟ್ಟಿದ್ದ. ಗೋಡೆಗೆ ಬಿದ್ದ ಕಿಟಕಿ ಸರಳಿನ ನೆರಳು, ಲೋಟದ ನೀರಲ್ಲಿ ನಡುಗುವ ಬಿಸಿಲು, ಬೇವಿನ ಸೊಪ್ಪಿನ ಮೇಲಿನ ಇರುವೆ. ಇಷ್ಟು ವರ್ಷ ಕಣ್ಣಿಗೇ ಬೀಳದಿದ್ದವನ್ನೆಲ್ಲ ಅವಳು ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದ್ದಳು.

ಪಕ್ಕದಲ್ಲೇ ನಿಂತಿದ್ದ ಜಗನ್ನಾಥ ನಕ್ಕ. “ಸುಮ್ನೆ ರೋಲ್ ಯಾಕೆ ವೇಸ್ಟು ಅಂತ ಹಾಕಿರ್ಲಿಲ್ಲ ಕಣೇ. ನಿಂಗೆ ಹೊತ್ತು ಹೋದ್ರೆ ಸಾಕಿತ್ತಲ್ಲ.”

“ದಿನಾ ಸಂಜೆ ಬಾಗಿಲಾಚೆ ನಿಂತು ‘ಇವತ್ತೇನು ತೆಗೆದೆ’ ಅಂತ ಕೇಳ್ತಿದ್ರಲ್ಲ ರೀ,” ಎಂದಳು ಅನಸೂಯ. “ನಾನೂ ಒಂದೊಂದೇ ಹೇಳ್ತಿದ್ದೆ.”

ಅವನ ನಗು ನಿಂತಿತು. ಅವಳು ಸ್ಟುಡಿಯೋದವನ ಕಡೆ ತಿರುಗಿದಳು. “ಒಂದು ರೋಲ್ ಕೊಡಿ ಅಣ್ಣ. ಹಾಕೋದು ಹೇಗೇಂತ ನಂಗೇ ತೋರಿಸ್ಕೊಡಿ.”