ವಾಲುವ ಗೋಡೆ

ಹಳೆಯ ಪ್ರೊಜೆಕ್ಟರಿನಿಂದ ತರಗತಿಯ ಗೋಡೆಯ ಮೇಲೆ ಬೆಳಕಿನ ಪಟ್ಟೆಗಳನ್ನು ಬೀಳಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು, ಗೋಡೆ ಎಷ್ಟು ಉಬ್ಬಿದೆ, ಎಷ್ಟು ವಾಲಿದೆ ಎಂದು ಅಳೆಯುವ ಅಗ್ಗದ ಉಪಕರಣವೊಂದನ್ನು ಗುರುಸಿದ್ದಪ್ಪ ಮಾಸ್ತರರು ಮಾಡಿದ್ದರು. ಮೊದಲ ದಿನ ಸಪಾಟು ಹಲಗೆಯನ್ನು ಅಳೆದು ಅದನ್ನು ಸರಿಹೊಂದಿಸಿದ್ದರು. ಮತ್ತೊಮ್ಮೆ ಪರೀಕ್ಷಿಸುವುದು ತಮ್ಮಂಥ ಬುದ್ಧಿವಂತರಿಗೆ ಅವಮಾನವೆಂದು ಅಷ್ಟಕ್ಕೇ ಬಿಟ್ಟಿದ್ದರು.

ಎದುರಿನ ಮೂಲೆಯಲ್ಲಿ ನಿಲ್ಲಿಸಿದ್ದ ಆ ಉಪಕರಣದಲ್ಲಿ ವಾರ ವಾರಕ್ಕೂ ಗೋಡೆ ಹೆಚ್ಚು ಹೆಚ್ಚು ವಾಲುತ್ತಿರುವುದು ಕಂಡಿತು. ಗಾಬರಿಯಾದ ಮಾಸ್ತರರು ಮಕ್ಕಳನ್ನೆಲ್ಲ ಗೋಡೆಯಿಂದ ದೂರ, ಉಪಕರಣವಿದ್ದ ಮೂಲೆಗೆ ಕೂರಿಸಿ, ಗೌಂಡಿ ರಾಜೇಸಾಬನನ್ನು ಕರೆಸಿದರು.

ಅವನು ದಾರಕ್ಕೆ ಕಟ್ಟಿದ ಗುಂಡನ್ನು ಗೋಡೆಗುಂಟ ಇಳಿಬಿಟ್ಟು ನೋಡಿದ.

“ಗ್ವಾಡಿ ನೆಟ್ಟಗೈತ್ರಿ, ಸರ.”

“ಹಂಗಾದ್ರ ನನ್ನ ಮಷಿನ್ನು ಸುಳ್ಳು ಹೇಳತೈತೇನು?”

ರಾಜೇಸಾಬ ಉಪಕರಣದ ಕಾಲುಗಳ ಬಳಿ ಬಗ್ಗಿ ನೋಡಿ, ಗಡಬಡಿಸಿ ಎದ್ದ.

“ಮೊದ್ಲ ಹುಡುಗರ್ನ ಅಲ್ಲಿಂದ ಎಬ್ಬಸ್ರಿ, ಸರ! ಕುಸಿಯಾಕತ್ತಿದ್ದು ಅವರು ಕುಂತ ನೆಲ.”